ಎರಡನೇ ತರಗತಿಯ ಒಂದು ವಾರ: ಸಹಾಯ ಮಾಡುವುದನ್ನು ಮಕ್ಕಳಿಗೆ ಕಲಿಸುತ್ತಿದ್ದೇವೆಯೇ?

ನಲಿಕಲಿ ಶಿಕ್ಷಕಿ, ಹಾವೇರಿ ಜಿಲ್ಲೆ

ಎಲ್ಲರಿಗೂ ನಮಸ್ಕಾರ. ನಾನು ಹಾವೇರಿ ಜಿಲ್ಲೆಯ ಒಂದು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ನಲಿಕಲಿ ತರಗತಿಯನ್ನು ನಡೆಸುತ್ತಿದ್ದೇನೆ. ಒಂದು, ಎರಡು ಮತ್ತು ಮೂರನೇ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಕುಳಿತು ಕಲಿಯುತ್ತಾರೆ. ಕಳೆದ ವಾರ ಎರಡನೇ ತರಗತಿಯ ಮಕ್ಕಳನ್ನು ಗಮನಿಸಿ ದಿನಚರಿಯಲ್ಲಿ ಬರೆದಿಟ್ಟುಕೊಂಡದ್ದರಲ್ಲಿ ಕೆಲವನ್ನು ಇಲ್ಲಿ ಹಂಚಿಕೊಂಡು, ನಿಮ್ಮೆಲ್ಲರ ಮುಂದೆ ಒಂದು ಪ್ರಶ್ನೆ ಇಡುತ್ತಿದ್ದೇನೆ. ಒಂದು ಮಗು ಇನ್ನೊಂದು ಮಗುವಿಗೆ ನೆರವಾಗುವುದನ್ನು ನಾವು ನಿಜವಾಗಿ ಕಲಿಸುತ್ತಿದ್ದೇವೆಯೇ, ಅಥವಾ ಒಳ್ಳೆಯ ಮನೆಯಿಂದ ಬಂದ ಮಕ್ಕಳಿಗೆ ಅದು ತಾನಾಗಿಯೇ ಬರುತ್ತದೆ ಎಂದು ಕೈಬಿಟ್ಟಿದ್ದೇವೆಯೇ?

ನಲಿಕಲಿಯ ಪರಿಚಯ ಇಲ್ಲದವರಿಗಾಗಿ ಎರಡು ಮಾತು. ಆಂಧ್ರಪ್ರದೇಶದ ಮದನಪಲ್ಲಿಯ ಹತ್ತಿರ ರಿಷಿ ವ್ಯಾಲಿ ಶಿಕ್ಷಣ ಸಂಸ್ಥೆಯವರು ನಡೆಸುತ್ತಿದ್ದ ಹಳ್ಳಿ ಶಾಲೆಗಳಿಂದ ಪ್ರೇರಣೆ ಪಡೆದು, 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ನೆರವಿನೊಂದಿಗೆ ಈ ಪದ್ಧತಿ ಆರಂಭವಾಯಿತು. 2009-10ರಲ್ಲಿ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆ ವಿಸ್ತರಿಸಿತು. ಪಾಠವೆಲ್ಲ ಕಾರ್ಡುಗಳಲ್ಲಿರುತ್ತದೆ. ಕಲಿಕೆಯ ಹಂತಗಳನ್ನು ಮೆಟ್ಟಿಲುಗಳಂತೆ ಜೋಡಿಸಿದ ಕಲಿಕಾ ಏಣಿಯ ಮೇಲೆ ಪ್ರತಿಯೊಂದು ಮಗುವೂ ತನ್ನ ವೇಗದಲ್ಲಿ ಏರುತ್ತದೆ. ಮಕ್ಕಳು ಐದು ತಟ್ಟೆಗಳ ಸುತ್ತ ಐದು ಗುಂಪುಗಳಾಗಿ ಕುಳಿತುಕೊಳ್ಳುತ್ತಾರೆ: ಶಿಕ್ಷಕರ ಪೂರ್ಣ ಸಹಾಯ, ಶಿಕ್ಷಕರ ಭಾಗಶಃ ಸಹಾಯ, ಗೆಳೆಯರ ಪೂರ್ಣ ಸಹಾಯ, ಗೆಳೆಯರ ಭಾಗಶಃ ಸಹಾಯ, ಸ್ವಕಲಿಕೆ. ಅಂದರೆ ಐದರಲ್ಲಿ ಎರಡು ತಟ್ಟೆಗಳು ಗೆಳೆಯರನ್ನು ನಂಬಿಯೇ ನಿಂತಿವೆ. ಆದರೆ ಗೆಳೆಯನು ಸಹಾಯ ಮಾಡುವುದು ಎಂದರೆ ಏನು ಮಾಡುವುದು ಎಂಬುದನ್ನು ನಾವು ಅಷ್ಟಾಗಿ ಮಾತನಾಡಿಕೊಂಡಿಲ್ಲ ಎಂಬುದು ನನ್ನ ಅನಿಸಿಕೆ.

ಇಂತಹ ಕೋಣೆಯಲ್ಲಿ ಎರಡನೇ ತರಗತಿಯ ಮಗುವಿನ ಸ್ಥಾನ ವಿಶೇಷವಾದದ್ದು. ಹೋದ ವರ್ಷ ರ, ಗ, ಸ, ದ, ಅ ಎಂದು ಅಕ್ಷರ ತಿದ್ದುವಾಗ ಅದಕ್ಕೆ ಯಾರೋ ಒಬ್ಬ ಅಕ್ಕ ಪಕ್ಕದಲ್ಲಿ ಕುಳಿತು ತೋರಿಸಿಕೊಟ್ಟಿರುತ್ತಾಳೆ. ಈ ವರ್ಷ ಅದೇ ಕಾರ್ಡು ಹಿಡಿದು ಒಂದನೇ ತರಗತಿಯ ಮಗು ಇದರ ಪಕ್ಕದಲ್ಲಿ ಕುಳಿತಿರುತ್ತದೆ. ತಾನು ತಡವರಿಸಿದ ನೆನಪು ಇನ್ನೂ ಹಸಿಯಾಗಿರುವಾಗಲೇ ಇನ್ನೊಬ್ಬರು ತಡವರಿಸುವುದನ್ನು ನೋಡುವ ವಯಸ್ಸು ಅದು.

ಸೋಮವಾರ ಒಬ್ಬ ಹುಡುಗ ಒತ್ತಕ್ಷರದ ಕಾರ್ಡು ಓದುತ್ತಿದ್ದ. ‘ಹಳ್ಳಿ’ ಎಂಬುದನ್ನು ‘ಹಳಿ’ ಎಂದು ಓದಿದಾಗ ಎದುರಿಗಿದ್ದ ಇಬ್ಬರು ನಕ್ಕರು. ಅವನು ಕಾರ್ಡನ್ನು ತಟ್ಟೆಗೆ ಹಾಕಿ ಸುಮ್ಮನಾದ. ‘ನಗಬಾರದು’ ಎಂದು ಗದರಿಸಿದರೆ ನಗು ನಿಲ್ಲುತ್ತದೆ, ಆದರೆ ಕಾರ್ಡು ಮತ್ತೆ ಕೈಗೆ ಬರುವುದಿಲ್ಲ. ಆದ್ದರಿಂದ ನಕ್ಕವರಿಗೆ ಒಂದು ಕೆಲಸ ಕೊಟ್ಟೆ. ಅವನು ಮುಂದಿನ ಸಾಲನ್ನು ಓದುವಾಗ ಸರಿಯಾಗಿ ಓದಿದ ಪದಗಳನ್ನಷ್ಟೇ ಕೇಳಿಸಿಕೊಂಡು, ಆಮೇಲೆ ಅವುಗಳನ್ನು ನನಗೆ ಹೇಳಬೇಕು. ಆ ಸಾಲಿನಲ್ಲಿ ಆರು ಪದಗಳಿದ್ದವು. ಅವರು ಐದನ್ನು ಹೇಳಿ, ಆರನೆಯದಕ್ಕೆ ಬಂದಾಗ ತಾವೇ ಅವನತ್ತ ತಿರುಗಿ, ‘ಇದರ ಕೆಳಗ ಒಂದು ಸಣ್ಣ ಅಕ್ಷರ ಐತಿ, ನೋಡು’ ಎಂದರು. ತಪ್ಪನ್ನು ಹಿಡಿಯುವ ಕಿವಿಯನ್ನೇ ಸರಿಯನ್ನು ಹಿಡಿಯುವುದಕ್ಕೂ ಬಳಸಬಹುದು ಎಂಬುದು ಮಕ್ಕಳಿಗೆ ಹೊಳೆಯಬೇಕಾದರೆ ಅದಕ್ಕೊಂದು ಸಂದರ್ಭವನ್ನು ನಾವೇ ಒದಗಿಸಬೇಕಾಗುತ್ತದೆ.

ಮಂಗಳವಾರ ತಾಂಡಾದ ಒಂದು ಕುಟುಂಬ ದುಡಿಮೆಗೆ ಹೋದ ಊರಿನಿಂದ ಮರಳಿ ಬಂದು, ಮಗನನ್ನು ಶಾಲೆಗೆ ಕರೆತಂದಿತು. ವರ್ಗಾವಣೆ ಪತ್ರ ಇರಲಿಲ್ಲ. ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ ಪತ್ರ ತಡವಾಯಿತೆಂದು ದಾಖಲಾತಿಯನ್ನು ನಿರಾಕರಿಸುವಂತಿಲ್ಲ, ವಯಸ್ಸಿಗೆ ತಕ್ಕ ತರಗತಿಯಲ್ಲಿಯೇ ಮಗುವನ್ನು ಕೂರಿಸಬೇಕು. ಹಾಗಾಗಿ ಅವನು ಎರಡನೇ ತರಗತಿಗೆ ಸೇರಿದ. ಮನೆಯಲ್ಲಿ ಲಂಬಾಣಿ ಮಾತನಾಡುತ್ತಾನೆ, ಕನ್ನಡ ಕೇಳಿದರೆ ಅರ್ಥವಾಗುತ್ತದೆ, ಉತ್ತರಿಸಲು ಹಿಂಜರಿಯುತ್ತಾನೆ. ಮಧ್ಯಾಹ್ನದ ಹೊತ್ತಿಗೆ ಮಕ್ಕಳು ಅವನಿಗೆ ಎಷ್ಟು ಸಹಾಯ ಮಾಡತೊಡಗಿದ್ದರೆಂದರೆ ಅವನ ಚೀಲವನ್ನು ಒಬ್ಬಳು, ಊಟದ ತಟ್ಟೆಯನ್ನು ಇನ್ನೊಬ್ಬ ಹಿಡಿದುಕೊಂಡು, ಕೇಳಿದ ಪ್ರಶ್ನೆಗಳಿಗೆಲ್ಲ ಬೇರೆಯವರೇ ಉತ್ತರ ಹೇಳುತ್ತಿದ್ದರು. ಅವರ ಮನಸ್ಸು ಒಳ್ಳೆಯದೇ. ಆದರೆ ಅವನಿಗೆ ಮಾಡಲು ಏನೂ ಉಳಿದಿರಲಿಲ್ಲ. ಮರುದಿನ ಹವಾಮಾನ ನಕ್ಷೆ ತುಂಬುವ ಕೆಲಸವನ್ನು ಅವನಿಗೇ ಕೊಟ್ಟೆ. ಕಿಟಕಿಯ ಹೊರಗೆ ನೋಡಿ ಮೋಡದ ಚಿತ್ರ ಬಿಡಿಸುವುದಕ್ಕೆ ಯಾವ ಭಾಷೆಯೂ ಬೇಕಾಗಿರಲಿಲ್ಲ.

ಬುಧವಾರದ ಗಣಿತದ ಅವಧಿಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ದಶಕ ಸಹಿತ ಸಂಕಲನ ನಡೆಯುತ್ತಿತ್ತು. ಹತ್ತು ಕಡ್ಡಿಗಳಿಗೆ ಒಂದು ರಬ್ಬರ್ ಬ್ಯಾಂಡ್ ಹಾಕಿ ಕಟ್ಟು ಮಾಡಿಕೊಂಡು 27ಕ್ಕೆ 15 ಸೇರಿಸಬೇಕು. ಎರಡು ಕಟ್ಟು ಏಳು ಬಿಡಿ ಒಂದೆಡೆ, ಒಂದು ಕಟ್ಟು ಐದು ಬಿಡಿ ಇನ್ನೊಂದೆಡೆ. ಬಿಡಿಗಳನ್ನು ಒಟ್ಟು ಮಾಡಿದರೆ ಹನ್ನೆರಡಾಗುತ್ತದೆ. ಅದರಲ್ಲಿ ಹತ್ತನ್ನು ಕಟ್ಟಿ ಪಕ್ಕಕ್ಕಿಡಬೇಕು ಎಂಬಲ್ಲಿಯೇ ಮಕ್ಕಳು ಎಡವುವುದು. ಗೆಳೆಯರ ಸಹಾಯದ ತಟ್ಟೆಯಲ್ಲಿ ಚುರುಕಾದ ಒಬ್ಬ ಹುಡುಗಿ ಪಕ್ಕದವಳ ಕಡ್ಡಿಗಳನ್ನು ಸರಸರನೆ ಎಳೆದುಕೊಂಡು, ಕಟ್ಟಿ, 42 ಎಂದು ಅವಳ ಸ್ಲೇಟಿನಲ್ಲಿ ಬರೆದೂ ಬಿಟ್ಟಳು. ಇಬ್ಬರೂ ಸಂತೋಷವಾಗಿದ್ದರು. ಕಲಿತದ್ದು ಮಾತ್ರ ಏನೂ ಇರಲಿಲ್ಲ.

ಆಗ ಒಂದು ನಿಯಮ ಮಾಡಿದೆ. ಸಹಾಯ ಮಾಡುವವರು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಳ್ಳಬೇಕು. ಬಾಯಿಂದ ಉತ್ತರ ಹೇಳುವಂತಿಲ್ಲ, ಪ್ರಶ್ನೆ ಕೇಳಬಹುದು. ಆ ಹುಡುಗಿ ಮೊದಲು ಚಡಪಡಿಸಿದಳು, ಕೈಗಳು ಮುಂದೆ ಮುಂದೆ ಬರುತ್ತಿದ್ದವು. ನಂತರ ನಿಧಾನವಾಗಿ, ‘ಬಿಡಿ ಎಷ್ಟಾದವು? ಒಂದು ಕಟ್ಟಿಗೆ ಎಷ್ಟು ಬೇಕು? ಉಳಿದದ್ದನ್ನು ಎಲ್ಲಿ ಇಡತಿ?’ ಎಂದು ಕೇಳತೊಡಗಿದಳು. ಪಕ್ಕದವಳು ಹತ್ತು ಕಡ್ಡಿ ಎಣಿಸಿ ಕಟ್ಟಿದಳು. ರಬ್ಬರ್ ಬ್ಯಾಂಡ್ ಎರಡು ಸಲ ಜಾರಿತು. ಸಹಾಯಕಿ ತುಟಿ ಕಚ್ಚಿಕೊಂಡು ಕಾದಳು. ಇಡೀ ವಾರದಲ್ಲಿ ನನಗೆ ಬಹಳ ಮೆಚ್ಚುಗೆಯಾದದ್ದು ಆ ಕಾಯುವಿಕೆ.

ಗುರುವಾರ ಮಳೆಯಿಂದಾಗಿ ಹಾಜರಾತಿ ಕಡಿಮೆ ಇತ್ತು. ಶುಕ್ರವಾರ ಊಟದ ಹೊತ್ತಿನಲ್ಲಿ ಎರಡನೇ ತರಗತಿಯವರು ಒಂದನೇ ತರಗತಿಯವರಿಗೆ ಮೊಟ್ಟೆ ಸುಲಿದುಕೊಡುವುದನ್ನು ನಿಲ್ಲಿಸಿ, ಸುಲಿಯುವುದನ್ನು ತೋರಿಸಿಕೊಡಲು ಆರಂಭಿಸಿದ್ದರು. ಕೈ ಹಿಂದೆ ಕಟ್ಟುವ ನಿಯಮವನ್ನು ಅಲ್ಲಿಗೂ ಅನ್ವಯಿಸಬೇಕೆಂದು ನಾನು ಹೇಳಿರಲಿಲ್ಲ.

ನಿಮ್ಮ ತರಗತಿಗಳಲ್ಲಿ, ಮನೆಗಳಲ್ಲಿ ಇದು ಹೇಗೆ ನಡೆಯುತ್ತದೆ ಎಂದು ತಿಳಿಯುವ ಆಸೆ ನನಗಿದೆ.

ಪೋಷಕಿ, ಬೆಂಗಳೂರು

ಮೇಡಂ, ನಿಮ್ಮ ಬರಹವನ್ನು ಎರಡು ಸಲ ಓದಿದೆ. ನನ್ನ ಮಗಳು ಒಂದು ಖಾಸಗಿ ಶಾಲೆಯಲ್ಲಿ ಎರಡನೇ ತರಗತಿ ಓದುತ್ತಿದ್ದಾಳೆ. ಶಾಲೆಯ ಹೆಸರು ಇಲ್ಲಿ ಬೇಡ. ನವೆಂಬರ್ 13 ವಿಶ್ವ ದಯಾ ದಿನ, ಮರುದಿನ ಮಕ್ಕಳ ದಿನಾಚರಣೆ ಎಂಬ ಕಾರಣಕ್ಕೆ ಅಲ್ಲಿ ‘ದಯೆಯ ವಾರ’ವನ್ನು ಆಚರಿಸಿದರು. ಗೋಡೆಯ ಮೇಲೆ ಒಂದು ಪಟ್ಟಿ, ಪ್ರತಿಯೊಂದು ಮಗುವಿನ ಹೆಸರಿನ ಮುಂದೆ ಮಾಡಿದ ಒಂದೊಂದು ಒಳ್ಳೆಯ ಕೆಲಸಕ್ಕೆ ಒಂದೊಂದು ನಕ್ಷತ್ರದ ಸ್ಟಿಕರ್. ಶುಕ್ರವಾರ ಹೆಚ್ಚು ನಕ್ಷತ್ರ ಪಡೆದವರಿಗೆ ಬಹುಮಾನ.

ವಾರದ ಮಧ್ಯದಲ್ಲಿ ನನ್ನ ಮಗಳು ಮನೆಗೆ ಬಂದು, ‘ಅಮ್ಮಾ, ನಾಳೆ ಯಾರಾದರೂ ಬೀಳಬೇಕು, ನಾನು ಎತ್ತಬೇಕು’ ಎಂದಳು. ನನಗೆ ಎದೆ ಧಸಕ್ಕೆಂದಿತು. ಒಂದೇ ಪೆನ್ಸಿಲನ್ನು ಇಬ್ಬರು ಗೆಳತಿಯರು ಪರಸ್ಪರ ಕೊಟ್ಟು ತೆಗೆದುಕೊಂಡು ನಕ್ಷತ್ರ ಗಳಿಸಿದರೆಂದೂ ಹೇಳಿದಳು. ಕೊನೆಯಲ್ಲಿ ತನಗೆ ಬಹುಮಾನ ಬಾರದೆ ಅತ್ತಳು. ಶಿಕ್ಷಕಿಯರು ಶ್ರಮಪಟ್ಟಿದ್ದರು, ಅವರ ಉದ್ದೇಶದ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಸ್ಪರ್ಧೆಯ ರೂಪ ಕೊಟ್ಟ ಕೂಡಲೇ ಎದುರಿಗಿರುವ ಮಗು ಅಂಕ ಗಳಿಸುವ ಸಾಧನವಾಗಿಬಿಡುತ್ತದೆ ಎಂಬುದು ನನ್ನ ಕಳವಳ. ನಿಮ್ಮ ತರಗತಿಯಲ್ಲಿ ಬಹುಮಾನವಿಲ್ಲದೆ ಮಕ್ಕಳು ಹೇಗೆ ಮುಂದೆ ಬರುತ್ತಾರೆ?

ಡಯಟ್ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ) ಉಪನ್ಯಾಸಕ, ಶಿವಮೊಗ್ಗ

ಪೋಷಕರ ಕಳವಳಕ್ಕೆ ಸಂಶೋಧನೆಯ ಆಧಾರವೂ ಇದೆ. 1973ರಲ್ಲಿ ಲೆಪ್ಪರ್, ಗ್ರೀನ್ ಮತ್ತು ನಿಸ್ಬೆಟ್ ಎಂಬ ಮನೋವಿಜ್ಞಾನಿಗಳು ಅಮೆರಿಕದ ಒಂದು ಶಿಶುವಿಹಾರದಲ್ಲಿ, ಬಣ್ಣದ ಪೆನ್ನುಗಳಿಂದ ಚಿತ್ರ ಬಿಡಿಸುವುದನ್ನು ಇಷ್ಟಪಡುತ್ತಿದ್ದ ಮಕ್ಕಳ ಮೇಲೆ ಒಂದು ಪ್ರಯೋಗ ಮಾಡಿದರು. ಚಿತ್ರ ಬಿಡಿಸಿದರೆ ಪ್ರಶಸ್ತಿ ಪತ್ರ ಕೊಡುತ್ತೇವೆಂದು ಮೊದಲೇ ಹೇಳಿ ಕೊಟ್ಟ ಗುಂಪಿನ ಮಕ್ಕಳು, ಕೆಲವು ದಿನಗಳ ನಂತರ ಬಿಡುವಿನ ವೇಳೆಯಲ್ಲಿ ಇತರರಿಗಿಂತ ಕಡಿಮೆ ಹೊತ್ತು ಚಿತ್ರ ಬಿಡಿಸಿದರು. ಅನಿರೀಕ್ಷಿತವಾಗಿ ಪ್ರಶಸ್ತಿ ಪಡೆದವರಲ್ಲಿ ಈ ಇಳಿಕೆ ಕಾಣಲಿಲ್ಲ. 2008ರಲ್ಲಿ ವಾರ್ನೆಕೆನ್ ಮತ್ತು ಟೊಮಾಸೆಲ್ಲೊ ಇದನ್ನು ಸಹಾಯದ ವಿಷಯದಲ್ಲಿಯೇ ಪರೀಕ್ಷಿಸಿದರು. ಇಪ್ಪತ್ತು ತಿಂಗಳ ಕೂಸುಗಳು ದೊಡ್ಡವರು ಬೀಳಿಸಿದ ವಸ್ತುವನ್ನು ತಾವಾಗಿಯೇ ಎತ್ತಿಕೊಡುತ್ತಿದ್ದವು. ಹಾಗೆ ಎತ್ತಿಕೊಟ್ಟಾಗಲೆಲ್ಲ ಆಟಿಕೆಯ ಬಹುಮಾನ ಪಡೆದ ಕೂಸುಗಳು ಬಹುಮಾನ ನಿಂತ ಮೇಲೆ, ಏನನ್ನೂ ಪಡೆಯದಿದ್ದ ಕೂಸುಗಳಿಗಿಂತ ಕಡಿಮೆ ಸಹಾಯ ಮಾಡಿದವು.

ಇದರಿಂದ ಮಕ್ಕಳನ್ನು ಹೊಗಳಲೇಬಾರದು ಎಂಬ ತೀರ್ಮಾನಕ್ಕೆ ಬರುವುದು ಸರಿಯಲ್ಲ. ‘ನೀನು ಜಾಣೆ, ನೀನು ಒಳ್ಳೆಯವಳು’ ಎಂದು ಮಗುವಿಗೆ ಬಿರುದು ಕೊಡುವುದಕ್ಕಿಂತ, ನಡೆದದ್ದನ್ನು ನಡೆದ ಹಾಗೆ ಹೇಳುವುದು ಹೆಚ್ಚು ಉಪಯುಕ್ತ. ‘ನೀನು ಕಾದೆ, ಅವಳು ತಾನೇ ಕಟ್ಟಿದಳು’ ಎಂದರೆ ಮಗುವಿಗೆ ತನ್ನ ಕೆಲಸ ಇನ್ನೊಬ್ಬರಲ್ಲಿ ಏನನ್ನು ಉಂಟುಮಾಡಿತು ಎಂಬುದು ಕಾಣುತ್ತದೆ. ಶಿಕ್ಷಕಿಯವರು ಬುಧವಾರ ಮಾಡಿಕೊಂಡ ನಿಯಮ ನಮ್ಮ ಪ್ರಶಿಕ್ಷಣಾರ್ಥಿಗಳಿಗೆ ತೋರಿಸುವಂತಹದ್ದು. ಅದರಲ್ಲಿ ಒಳ್ಳೆಯತನದ ಉಪದೇಶವಿಲ್ಲ, ಒಂದು ಕೌಶಲದ ಅಭ್ಯಾಸವಿದೆ.

ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯ ಹಾಗೂ ಪೋಷಕ, ಚಿತ್ರದುರ್ಗ ಜಿಲ್ಲೆ

ನಾನು ಒಬ್ಬ ರೈತ, ನಮ್ಮೂರ ಸರ್ಕಾರಿ ಶಾಲೆಯ ಎಸ್‌ಡಿಎಂಸಿ ಸದಸ್ಯ. ನನ್ನ ಮಾತು ಸ್ವಲ್ಪ ಬೇರೆಯಾಗಿದೆ, ದಯವಿಟ್ಟು ತಪ್ಪು ತಿಳಿಯಬೇಡಿ. ನನ್ನ ಮಗಳು ಎರಡನೇ ತರಗತಿಯಲ್ಲಿದ್ದಾಳೆ, ಚೆನ್ನಾಗಿ ಓದುತ್ತಾಳೆ. ಅವಳನ್ನು ದಿನವೂ ಬೇರೆ ಮಕ್ಕಳಿಗೆ ತೋರಿಸಿಕೊಡಲು ಕೂರಿಸುತ್ತಾರೆ. ಅವಳ ಕಲಿಕೆಯ ಹೊತ್ತು ಹೋಗುತ್ತದಲ್ಲವೇ? ನಿಪುಣ್ ಭಾರತ್ ಎಂಬ ಕೇಂದ್ರದ ಕಾರ್ಯಕ್ರಮದಲ್ಲಿ ಎರಡನೇ ತರಗತಿಯ ಮಗು ನಿಮಿಷಕ್ಕೆ 45ರಿಂದ 60 ಪದಗಳನ್ನು ಓದಬೇಕು, 999ರವರೆಗಿನ ಸಂಖ್ಯೆಗಳನ್ನು ತಿಳಿದಿರಬೇಕು ಎಂಬ ಗುರಿಯಿದೆ ಎಂದು ಸಭೆಯಲ್ಲಿ ಹೇಳಿದರು. 2026-27ರೊಳಗೆ ಮೂರನೇ ತರಗತಿ ಮುಗಿಸುವ ಪ್ರತಿ ಮಗುವೂ ಅರ್ಥ ತಿಳಿದು ಓದಬೇಕಂತೆ. ಇಷ್ಟೆಲ್ಲ ಗುರಿಗಳಿರುವಾಗ ಕೈ ಹಿಂದೆ ಕಟ್ಟಿಕೊಂಡು ಕಾಯುತ್ತ ಕುಳಿತರೆ ಹೇಗೆ? ಊರಿನವರು ಮಕ್ಕಳನ್ನು ಬಸ್ಸು ಹತ್ತಿಸಿ ಪಟ್ಟಣದ ಇಂಗ್ಲಿಷ್ ಶಾಲೆಗೆ ಕಳಿಸುತ್ತಿರುವುದು ಇಂತಹ ಭಯದಿಂದಲೇ. ಒಳ್ಳೆಯ ಗುಣ ಬೇಕು, ಒಪ್ಪುತ್ತೇನೆ. ಓದೂ ಬೇಕು.

ನಲಿಕಲಿ ಶಿಕ್ಷಕಿ, ಹಾವೇರಿ ಜಿಲ್ಲೆ

ಅಣ್ಣಾ, ನಿಮ್ಮ ಪ್ರಶ್ನೆಯನ್ನು ನಮ್ಮೂರಿನ ಪೋಷಕರೂ ಕೇಳುತ್ತಾರೆ. ಅದು ನ್ಯಾಯವಾದ ಪ್ರಶ್ನೆ. ಒಂದು ಮಗುವನ್ನು ದಿನವಿಡೀ ಸಹಾಯಕ್ಕೆ ಕೂರಿಸುತ್ತಿದ್ದರೆ ಅದು ತಪ್ಪು, ಅದನ್ನು ನೀವು ಸಭೆಯಲ್ಲಿ ಹೇಳಲೇಬೇಕು. ಏಣಿಯ ಮೇಲೆ ಆ ಮಗುವಿಗೂ ಮುಂದಿನ ಮೆಟ್ಟಿಲಿದೆ. ಪ್ರತಿ ಮಗು ಏಣಿಯಲ್ಲಿ ಎಲ್ಲಿದೆ ಎಂದು ಗುರುತಿಸುವ ಪ್ರಗತಿ ನೋಟದಲ್ಲಿ ಅವಳ ಮೈಲಿಗಲ್ಲು, ಅಂದರೆ ಅವಳು ತಲುಪಿದ ಹಂತ, ವಾರಗಟ್ಟಲೆ ನಿಂತಲ್ಲೇ ನಿಂತಿದ್ದರೆ, ಅವಳ ಹೊತ್ತು ಬೇರೆಯವರಿಗೆ ಹೋಗುತ್ತಿದೆ ಎಂದೇ ಅರ್ಥ. ಆ ನೋಟವನ್ನು ಪೋಷಕರು ಕೇಳಿ ನೋಡಬಹುದು.

ಆದರೆ ಸ್ವಲ್ಪ ಹೊತ್ತಿನ ಸಹಾಯದಿಂದ ಸಹಾಯ ಮಾಡುವ ಮಗುವಿಗೂ ಲಾಭವಿದೆ ಎಂಬುದನ್ನು ಬುಧವಾರ ನಾನು ಕಣ್ಣಾರೆ ಕಂಡಿದ್ದೇನೆ. 27ಕ್ಕೆ 15 ಸೇರಿಸಿದರೆ 42 ಎಂದು ಆ ಹುಡುಗಿಗೆ ಗೊತ್ತಿತ್ತು. ಹತ್ತು ಬಿಡಿಗಳನ್ನು ಏಕೆ ಕಟ್ಟಬೇಕು ಎಂದು ಪಕ್ಕದವಳು ತಿರುಗಿ ಕೇಳಿದಾಗ ಮಾತ್ರ ಅವಳ ಬಳಿ ಉತ್ತರ ಇರಲಿಲ್ಲ. ಬಹಳ ಹೊತ್ತು ಕಡ್ಡಿಗಳನ್ನೇ ನೋಡುತ್ತಿದ್ದು, ‘ಬಿಡಿ ಮನೆಯಾಗ ಒಂಬತ್ತರ ಮ್ಯಾಲ ಜಾಗ ಇಲ್ಲ’ ಎಂದಳು. ಸ್ಥಾನಬೆಲೆಯನ್ನು ನಾನು ಹಲಗೆಯ ಮೇಲೆ ಬರೆದು ಹೇಳಿದಾಗ ಅವಳಿಗೆ ಆ ಮಾತು ಬಂದಿರಲಿಲ್ಲ. ಪ್ರಶ್ನೆ ಕೇಳಬೇಕಾದವರು ವಿಷಯವನ್ನು ಉತ್ತರ ಹೇಳುವವರಿಗಿಂತ ಆಳವಾಗಿ ತಿಳಿದಿರಬೇಕಾಗುತ್ತದೆ.

ನಿಮಿಷಕ್ಕೆ ಇಷ್ಟು ಪದ ಎಂಬ ಗುರಿಯ ಬಗ್ಗೆಯೂ ಒಂದು ಮಾತು. ಅದು ಬೇಡವೆಂದು ನಾನು ಹೇಳುವುದಿಲ್ಲ. ಅಕ್ಷರಗಳನ್ನು ಒಂದೊಂದಾಗಿ ಕೂಡಿಸುತ್ತ ಹೋದರೆ ವಾಕ್ಯದ ಕೊನೆ ತಲುಪುವಾಗ ಮೊದಲನೆಯ ಪದ ಮರೆತಿರುತ್ತದೆ, ಹಾಗಾಗಿ ಓದು ಸರಾಗವಾಗಬೇಕು. ಆದರೆ ಸೋಮವಾರ ಕಾರ್ಡು ಕೆಳಗಿಟ್ಟ ಹುಡುಗ ಅದನ್ನು ಮತ್ತೆ ಎತ್ತಿಕೊಳ್ಳದಿದ್ದರೆ ಅವನ ಓದು ಸರಾಗವಾಗುವುದು ಯಾವಾಗ? ಮಕ್ಕಳು ಗಟ್ಟಿಯಾಗಿ ಓದಲು ಹೆದರದ ಕೋಣೆಯಲ್ಲಿ ಮಾತ್ರ ಅವರ ಓದಿನ ವೇಗ ಹೆಚ್ಚುತ್ತದೆ. ನೀವು ಹೇಳಿದ ಎರಡು ಬೇಡಿಕೆಗಳು, ಗುಣ ಮತ್ತು ಓದು, ನನ್ನ ಕೋಣೆಯಲ್ಲಿ ಒಂದೇ ತಟ್ಟೆಯ ಸುತ್ತ ಕುಳಿತಿರುತ್ತವೆ.

ಬೆಂಗಳೂರಿನ ಅಕ್ಕನವರಿಗೆ: ಬಹುಮಾನ ನಾನು ಕೊಡುವುದಿಲ್ಲ. ಮಕ್ಕಳ ಚಿತ್ರ, ಬರಹಗಳನ್ನೆಲ್ಲ ತಲೆಯ ಮೇಲೆ ದಾರ ಕಟ್ಟಿ ತೂಗುಬಿಡುವ ಚಪ್ಪರ ನಮ್ಮ ತರಗತಿಯಲ್ಲಿದೆ. ಅಲ್ಲಿ ಎಲ್ಲರ ಹಾಳೆಗೂ ಜಾಗವಿದೆ, ಮೊದಲನೆಯದು ಎರಡನೆಯದು ಎಂಬುದಿಲ್ಲ.

ನಿವೃತ್ತ ಮುಖ್ಯ ಶಿಕ್ಷಕ, ಧಾರವಾಡ

ಇಲ್ಲಿ ಬಂದಿರುವ ಮಾತುಗಳನ್ನು ಓದಿ ಸಂತೋಷವಾಯಿತು. ಒಂದು ಅಂಶವನ್ನು ಸೇರಿಸಬೇಕೆನಿಸಿತು. ನಾವು ಸಹಾಯ ಮಾಡುವ ಮಗುವಿನ ಬಗ್ಗೆ ಇಷ್ಟು ಮಾತನಾಡುತ್ತೇವೆ, ಸದಾ ಸಹಾಯ ಪಡೆಯುವ ಮಗುವಿನ ಬಗ್ಗೆ ಯೋಚಿಸುವುದು ಕಡಿಮೆ. ತರಗತಿಯಲ್ಲಿ ಒಂದಿಬ್ಬರು ಮಕ್ಕಳು ಯಾವಾಗಲೂ ಪಡೆಯುವವರಾಗಿಯೇ ಉಳಿದುಬಿಡುತ್ತಾರೆ. ಅವರಿಗೆ ಬಳಪ ಕೊಡುವವರು ಬೇರೆಯವರು, ಉತ್ತರ ತೋರಿಸುವವರು ಬೇರೆಯವರು. ವರ್ಷವಿಡೀ ‘ಥ್ಯಾಂಕ್ಸ್’ ಹೇಳುವುದೊಂದೇ ಅವರ ಪಾಲಿನ ಕೆಲಸವಾದರೆ ಆ ಮಗು ತನ್ನನ್ನು ತಾನು ಏನೆಂದು ತಿಳಿಯಬೇಕು? ಹವಾಮಾನ ನಕ್ಷೆಯನ್ನು ಹೊಸ ಹುಡುಗನ ಕೈಗೆ ಕೊಟ್ಟ ನಿಮ್ಮ ನಿರ್ಧಾರ ಈ ದೃಷ್ಟಿಯಿಂದ ಬಹಳ ಮುಖ್ಯ, ಮೇಡಂ. ಪ್ರತಿಯೊಂದು ಮಗುವಿಗೂ ಇತರರಿಗೆ ಬೇಕಾದ ಏನೋ ಒಂದು ಗೊತ್ತಿರುತ್ತದೆ. ಕುರಿ ಮೇಯಿಸುವ ಮನೆಯ ಮಗುವಿಗೆ ಗಿಡಗಳ ಹೆಸರು, ನೇಕಾರರ ಮಗುವಿಗೆ ಎಳೆ ಎಣಿಸುವುದು. ಪರಿಸರ ಅಧ್ಯಯನದ ಕಾರ್ಡುಗಳನ್ನು ಇಟ್ಟುಕೊಂಡು ಆ ಸರದಿಯನ್ನು ತಿರುಗಿಸುವುದು ಶಿಕ್ಷಕರ ಕೈಯಲ್ಲಿದೆ.

ಊಟದ ಸಾಲಿನ ಬಗ್ಗೆಯೂ ಹೇಳಬೇಕು. 2002ರಲ್ಲಿ ನಮ್ಮ ರಾಜ್ಯದ ಈಶಾನ್ಯದ ಏಳು ಜಿಲ್ಲೆಗಳಲ್ಲಿ ಅಕ್ಷರ ದಾಸೋಹ ಆರಂಭವಾಗಿ, ಮರುವರ್ಷ ಉಳಿದ ಜಿಲ್ಲೆಗಳಿಗೆ ಬಂತು. 2013ರಲ್ಲಿ ಕ್ಷೀರಭಾಗ್ಯದ ಹಾಲು, ಆಮೇಲೆ ಮೊಟ್ಟೆ, ಬಾಳೆಹಣ್ಣು ಸೇರಿದವು. ಹಸಿವು ತಣಿಯಿತು ಎಂಬುದು ಇದರ ಒಂದು ಫಲ. ಬೇರೆ ಬೇರೆ ಕೇರಿಗಳ ಮಕ್ಕಳು ಒಂದೇ ಸಾಲಿನಲ್ಲಿ ಕುಳಿತು, ಒಂದೇ ಪಾತ್ರೆಯಿಂದ ಬಡಿಸಿದ್ದನ್ನು ಉಂಡರು ಎಂಬುದು ಅದಕ್ಕಿಂತ ಕಡಿಮೆಯ ಫಲವಲ್ಲ. ಎಷ್ಟೋ ಊರುಗಳಲ್ಲಿ ದೊಡ್ಡವರು ಹಾಗೆ ಕುಳಿತವರಲ್ಲ. ಆದ್ದರಿಂದ ಊಟದ ಹೊತ್ತಿನಲ್ಲಿ ಶಿಕ್ಷಕರು ಕಚೇರಿಯ ಕೆಲಸಕ್ಕೆ ಹೋಗದೆ ಸಾಲಿನ ನಡುವೆ ಇರಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಯಾವ ಮಗು ಯಾರ ಪಕ್ಕ ಕೂರಲು ಹಿಂಜರಿಯುತ್ತದೆ, ಯಾರ ತಟ್ಟೆಯನ್ನು ಮುಟ್ಟದೆ ದೂರ ತಳ್ಳುತ್ತದೆ ಎಂಬುದು ಅಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಪಾಠದ ಹೊತ್ತಿನಲ್ಲಿ ಕಾಣುವುದಿಲ್ಲ. ಕಂಡ ದಿನವೇ, ಆ ಮಗುವನ್ನು ಅವಮಾನಿಸದೆ, ಸ್ಥಳ ಬದಲಿಸಿ ಕೂರಿಸಿ, ತಾನೂ ಅಲ್ಲಿಯೇ ಕುಳಿತು ಉಣ್ಣಬೇಕು.

ಇನ್ನೊಂದು ಮಾತು. 2010ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯಿದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ಕೋಲು ಹೋಯಿತು, ಆದರೆ ಚುಚ್ಚುಮಾತು ಹಲವೆಡೆ ಉಳಿದಿದೆ. ಶಿಕ್ಷಕರು ತಪ್ಪು ಓದಿದ ಮಗುವನ್ನು ಆಡಿಕೊಂಡು ನಗುವ ತರಗತಿಯಲ್ಲಿ ಮಕ್ಕಳು ನಗದಿರಲಿ ಎಂದು ನಿರೀಕ್ಷಿಸುವುದು ಹೇಗೆ?

ವಿಶೇಷ ಶಿಕ್ಷಕಿ (ಬಿಐಇಆರ್‌ಟಿ, ತಾಲ್ಲೂಕು ಮಟ್ಟದ ಸಮನ್ವಯ ಶಿಕ್ಷಣ ಸಂಪನ್ಮೂಲ ಶಿಕ್ಷಕಿ), ಹಾಸನ ಜಿಲ್ಲೆ

ಹಿರಿಯ ಗುರುಗಳ ಮಾತನ್ನು ನಾನು ನನ್ನ ಕ್ಷೇತ್ರದಿಂದ ಸಮರ್ಥಿಸುತ್ತೇನೆ. ವಿಶೇಷ ಅಗತ್ಯವುಳ್ಳ ಮಕ್ಕಳಿಗಾಗಿ ನಾನು ತಾಲ್ಲೂಕಿನ ಶಾಲೆಗಳಿಗೆ ಭೇಟಿ ನೀಡುತ್ತಿರುತ್ತೇನೆ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆ 21 ಬಗೆಯ ವೈಕಲ್ಯಗಳನ್ನು ಗುರುತಿಸುತ್ತದೆ. ಅವುಗಳಲ್ಲಿ ಎಷ್ಟೋ ಹೊರಗಿನಿಂದ ಕಾಣುವುದೇ ಇಲ್ಲ.

ಶ್ರವಣದೋಷವಿರುವ ಎರಡನೇ ತರಗತಿಯ ಒಬ್ಬ ಬಾಲಕನ ತರಗತಿಯಲ್ಲಿ ಸಹಪಾಠಿಗಳು ಅವನ ಅಂಗಿ ಹಿಡಿದೆಳೆದು ಎಲ್ಲ ಕಡೆಗೂ ಕರೆದೊಯ್ಯುತ್ತಿದ್ದರು, ಅವನ ಪುಸ್ತಕವನ್ನು ತಾವೇ ಬರೆದು ತುಂಬಿಸುತ್ತಿದ್ದರು. ಎಲ್ಲವೂ ಪ್ರೀತಿಯಿಂದಲೇ. ಅವರಿಗೆ ಮೂರು ಸಂಗತಿಗಳನ್ನು ತೋರಿಸಿಕೊಟ್ಟೆವು. ಮಾತನಾಡುವ ಮೊದಲು ಅವನಿಗೆ ಕಾಣುವ ಹಾಗೆ ಎದುರಿಗೆ ಬರಬೇಕು, ಬೆಳಕು ಮಾತನಾಡುವವರ ಮುಖದ ಮೇಲಿರಬೇಕು, ಅರ್ಥವಾಗದಿದ್ದರೆ ಅದನ್ನೇ ಕಿರುಚದೆ ಬೇರೆ ಪದಗಳಲ್ಲಿ ಅಥವಾ ಚಿತ್ರದಲ್ಲಿ ಹೇಳಬೇಕು. ಮಕ್ಕಳು ಇದನ್ನು ದೊಡ್ಡವರಿಗಿಂತ ಬೇಗ ಕಲಿತರು. ಕೆಲವು ದಿನಗಳಲ್ಲಿ ಒಬ್ಬ ಹುಡುಗಿ ತನ್ನ ಶಿಕ್ಷಕರಿಗೇ, ‘ಸರ್, ನೀವು ಬೋರ್ಡ್ ಕಡೆ ತಿರುಗಿ ಹೇಳಿದ್ರೆ ಅವನಿಗೆ ಗೊತ್ತಾಗಲ್ಲ’ ಎಂದು ಹೇಳಿದಳು. ಶಿಕ್ಷಕರು ಬೇಸರಿಸದೆ ತಿರುಗಿ ನಿಂತರು. ಮಕ್ಕಳ ಕರುಣೆಯನ್ನು ಹೀಗೆ ತಿಳಿವಳಿಕೆಯ ಕಡೆಗೆ ತಿರುಗಿಸಿದರೆ, ವೈಕಲ್ಯವಿರುವ ಮಗು ಎಲ್ಲರ ಮುದ್ದಿನ ಗೊಂಬೆಯಾಗದೆ, ಜಗಳವಾಡಬಹುದಾದ, ಸೋಲಿಸಬಹುದಾದ ಸಮಾನ ಗೆಳೆಯನಾಗುತ್ತದೆ. ಆ ಬಾಲಕ ಲಗೋರಿ ಆಟದಲ್ಲಿ ಮೋಸ ಮಾಡಿದನೆಂದು ಉಳಿದವರು ಅವನೊಡನೆ ಜಗಳಕ್ಕೆ ನಿಂತ ದಿನ ನನಗೆ ನಿಜವಾಗಿಯೂ ಸಂತೋಷವಾಯಿತು.

ಅತಿಥಿ ಶಿಕ್ಷಕ, ಯಾದಗಿರಿ ಜಿಲ್ಲೆ

ನಾನು ಈ ವರ್ಷವಷ್ಟೇ ಅತಿಥಿ ಶಿಕ್ಷಕನಾಗಿ ಸೇರಿದ್ದೇನೆ. ಇಲ್ಲಿ ಹೇಳುತ್ತಿರುವುದೆಲ್ಲ ಓದಲು ಚೆನ್ನಾಗಿದೆ, ಆದರೆ ನನ್ನ ಸ್ಥಿತಿ ಬೇರೆ. ಶಿಕ್ಷಣ ಹಕ್ಕು ಕಾಯಿದೆಯಲ್ಲಿ 30 ಮಕ್ಕಳಿಗೆ ಒಬ್ಬ ಶಿಕ್ಷಕ ಎಂದಿದ್ದರೂ ನನ್ನ ಕೋಣೆಯಲ್ಲಿ ಅದಕ್ಕಿಂತ ಬಹಳ ಹೆಚ್ಚು ಮಕ್ಕಳಿದ್ದಾರೆ. ಹತ್ತಿ ಬಿಡಿಸುವ ಕಾಲದಲ್ಲಿ ಅರ್ಧದಷ್ಟು ಮಕ್ಕಳು ಬರುವುದಿಲ್ಲ, ಬಂದವರು ಹಿಂದಿನ ಕಾರ್ಡನ್ನು ಮರೆತಿರುತ್ತಾರೆ. ನಿಮಿಷಕ್ಕೊಂದು ದೂರು: ‘ಸರ್, ಇವ ಹೊಡದ’, ‘ಸರ್, ಆಕಿ ನನ್ನ ರಬ್ಬರ್ ಕಸಗೊಂಡಾಳ’. ದಿನ ಮುಗಿಯುವ ಹೊತ್ತಿಗೆ ಗಂಟಲು ಬಿದ್ದಿರುತ್ತದೆ. ಎಲ್ಲಿಂದ ಆರಂಭಿಸಲಿ? ಹಿರಿಯರು ದಯವಿಟ್ಟು ತಿಳಿಸಬೇಕು.

ನಲಿಕಲಿ ಶಿಕ್ಷಕಿ, ಹಾವೇರಿ ಜಿಲ್ಲೆ

ತಮ್ಮಾ, ಎಲ್ಲವನ್ನೂ ಒಟ್ಟಿಗೆ ಹಿಡಿಯಲು ಹೋಗಬೇಡಿ. ಶಿಕ್ಷಕರ ಕೊರತೆಯನ್ನು ಮಕ್ಕಳ ಒಳ್ಳೆಯತನದಿಂದ ತುಂಬಿಸಲು ಆಗುವುದಿಲ್ಲ, ತುಂಬಿಸಲೂಬಾರದು. ಮಕ್ಕಳ ಸಂಖ್ಯೆಯ ವಿಷಯವನ್ನು ಮುಖ್ಯ ಶಿಕ್ಷಕರ ಮೂಲಕ ಬರವಣಿಗೆಯಲ್ಲಿ ಕೊಡಿ, ಎಸ್‌ಡಿಎಂಸಿ ಸಭೆಯ ನಡಾವಳಿಯಲ್ಲಿ ದಾಖಲಾಗುವಂತೆ ನೋಡಿಕೊಳ್ಳಿ. ಅದು ಆಗುವವರೆಗೆ ಕೋಣೆಯೊಳಗೆ ಏನು ಮಾಡಬಹುದು ಎಂಬುದನ್ನಷ್ಟೇ ಹೇಳುತ್ತೇನೆ.

ಮೊದಲು ದೂರುಗಳನ್ನು ತೆಗೆದುಕೊಳ್ಳಿ. ಏಳು ವರ್ಷದ ಮಗುವಿನಲ್ಲಿ ನ್ಯಾಯದ ಅರಿವು ಗಟ್ಟಿಯಾಗುತ್ತಿರುತ್ತದೆ, ಆ ದೂರುಗಳು ಅದರದೇ ಗುರುತು. ಅದನ್ನು ಚಾಡಿ ಎಂದು ಅಟ್ಟಬೇಡಿ. ದೂರು ತಂದ ಮಗುವನ್ನು, ‘ನೀನು ಅವನಿಗೆ ಏನು ಹೇಳಿದೆ?’ ಎಂದು ಕೇಳಿ. ಹೆಚ್ಚಿನ ಸಲ ಅದು ಏನೂ ಹೇಳಿರುವುದಿಲ್ಲ, ನೇರವಾಗಿ ನಿಮ್ಮ ಹತ್ತಿರ ಬಂದಿರುತ್ತದೆ. ‘ಅದು ನನ್ನ ರಬ್ಬರ್, ನನಗೆ ಬೇಕು, ಬರೆದ ಮೇಲೆ ಕೊಡುತ್ತೇನೆ’ ಎಂಬ ಒಂದು ವಾಕ್ಯವನ್ನು ಅದರ ಬಾಯಲ್ಲಿ ಆಡಿಸಿ, ಹೋಗಿ ಹೇಳಿ ಬರಲು ಕಳಿಸಿ. ಹೊಡೆದ ದೂರಿಗೆ ಮಾತ್ರ ನೀವೇ ಎದ್ದು ಹೋಗಬೇಕು, ಅದನ್ನು ಮಕ್ಕಳಿಗೆ ಬಿಡಬಾರದು. ನನ್ನ ತರಗತಿಯಲ್ಲಿ ಮಳೆಗಾಲ ಮುಗಿಯುವುದರೊಳಗೆ ದೂರುಗಳು ಗಣನೀಯವಾಗಿ ಇಳಿದಿದ್ದವು.

ಎರಡನೆಯದಾಗಿ, ರಜೆ ಮುಗಿಸಿ ಬಂದ ಮಗುವಿಗೆ. ಹತ್ತಿ ಬಿಡಿಸಿ ಬಂದ ಮಗು ಮೊದಲ ದಿನವೇ ತನ್ನ ಹಳೆಯ ಕಾರ್ಡು ಹಿಡಿದು ಸೋಲಬೇಕಾಗಿಲ್ಲ. ಅದಕ್ಕೆ ಚೆನ್ನಾಗಿ ಬರುವ, ಒಂದು ಮೈಲಿಗಲ್ಲಿನ ಹಿಂದಿನ ಕಾರ್ಡನ್ನು ಒಂದನೇ ತರಗತಿಯ ಮಗುವಿಗೆ ತೋರಿಸಿಕೊಡುವ ಕೆಲಸ ಕೊಡಿ. ತೋರಿಸಿಕೊಡುತ್ತಲೇ ಅದರ ಮರೆವು ಅರ್ಧ ಹೋಗುತ್ತದೆ. ಧಾರವಾಡದ ಗುರುಗಳು ಹೇಳಿದ ಸರದಿ ತಿರುಗಿಸುವುದೂ ಆಗುತ್ತದೆ. ಹೊಲದಲ್ಲಿ ಏನು ಮಾಡಿದೆ, ಎಷ್ಟು ತೂಕ ಬಿಡಿಸಿದರು, ತಕ್ಕಡಿ ಹೇಗಿತ್ತು ಎಂದು ಕೇಳಿದರೆ ಅಳತೆಯ ಪಾಠಕ್ಕೆ ಬೇಕಾದದ್ದೂ ಅದರ ಬಾಯಿಂದಲೇ ಬರುತ್ತದೆ.

ಕೈ ಹಿಂದೆ ಕಟ್ಟುವ ನಿಯಮವನ್ನು ಒಂದು ತಟ್ಟೆಯಲ್ಲಿ, ಗಣಿತದ ಅವಧಿಯಲ್ಲಿ ಮಾತ್ರ ಆರಂಭಿಸಿ. ಕಡ್ಡಿ, ಮಣಿ, ಹುಣಸೆ ಬೀಜ ಯಾವುದಾದರೂ ಆದೀತು. ಮೊದಲ ದಿನ ನೀವೇ ಸಹಾಯಕರಾಗಿ ಕೈ ಹಿಂದೆ ಕಟ್ಟಿಕೊಂಡು ಕುಳಿತು, ಒಂದು ಮಗು ನಿಮ್ಮೆದುರು ಲೆಕ್ಕ ಮಾಡಲಿ, ಉಳಿದವರು ನೋಡಲಿ. ಎಲ್ಲಿ ನಿಮ್ಮ ಕೈ ಮುಂದೆ ಬರಲು ಹವಣಿಸುತ್ತದೆ ಎಂಬುದನ್ನು ಅವರಿಗೆ ಗಟ್ಟಿಯಾಗಿ ಹೇಳಿ. ಮಕ್ಕಳು ಅನುಕರಿಸುವುದು ಅದನ್ನೇ. ಯಾವ ಪ್ರಶ್ನೆಗಳನ್ನು ಕೇಳಬಹುದು ಎಂಬುದಕ್ಕೆ ನಾನು ಬರೆದಿಟ್ಟುಕೊಂಡ ಒಂದು ಚಿಕ್ಕ ಪಟ್ಟಿಯಿದೆ, ಸಂಕಲನಕ್ಕೆ ಬೇರೆ, ಒತ್ತಕ್ಷರದ ಓದಿಗೆ ಬೇರೆ. ಈ ಭಾನುವಾರ ಅದನ್ನು ಸರಿಯಾಗಿ ನಕಲು ಮಾಡಿ ಇಲ್ಲಿಯೇ ಹಾಕುತ್ತೇನೆ. ನಿಮ್ಮ ಕಡೆಯ ಮಕ್ಕಳ ಮಾತಿಗೆ ಹೊಂದುವಂತೆ ನೀವು ಅದನ್ನು ಬದಲಿಸಿಕೊಳ್ಳಿ.